ಫಾರ್ಟಿನೈನರ್ಸ್ 2025: ಬದಿಯಲ್ಲಿ ಬೋಸಾ ಇದ್ದಾನೆ, ನಡುವಿನಿಂದ ನುಗ್ಗುವವರು ಯಾರು?

ಮೂರನೇ ಡೌನ್ (ಚರ್ಚೆ ಆರಂಭಿಸಿದವರು), ಜುಲೈ 2025

ಈ ತಿಂಗಳಲ್ಲೇ ಸಾಂತಾ ಕ್ಲಾರಾದಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ತರಬೇತಿ ಶಿಬಿರ ಶುರುವಾಗುತ್ತದೆ. ಅದಕ್ಕೂ ಮೊದಲು ನಮ್ಮ ತಂಡದ ಪಾಸ್ ರಶ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ರಕ್ಷಣಾ ಸಾಲು ನುಗ್ಗುವುದು) ಬಗ್ಗೆ ಒಂದು ಗಟ್ಟಿಯಾದ ಚರ್ಚೆ ನಡೆಯಲಿ. ಈಗ ಎಲ್ಲರ ಬಾಯಲ್ಲಿರುವುದು ಬದಿಯ ಆಟಗಾರರ ಮಾತು. ನಿಕ್ ಬೋಸಾನ ಎದುರು ಬದಿಗೆ ಯಾರು ನಿಲ್ಲುತ್ತಾರೆ, ಲಿಯೊನಾರ್ಡ್ ಫ್ಲಾಯ್ಡ್ ಜೊತೆಗೆ ಹೋದ 8.5 ಸ್ಯಾಕ್‌ಗಳನ್ನು (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಉರುಳಿಸುವುದು) ಯಾರು ತುಂಬಿಕೊಡುತ್ತಾರೆ, ಬ್ರೈಸ್ ಹಫ್ ಒಬ್ಬನೇ ಸಾಕೇ ಎಂಬ ಪ್ರಶ್ನೆಗಳು. ನನ್ನ ಪ್ರಶ್ನೆ ಬೇರೆ. ನಡುವಿನಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನ ಮುಖಕ್ಕೆ ಮುಖ ಕೊಡುವವರು ಈ ತಂಡದಲ್ಲಿ ಯಾರಿದ್ದಾರೆ? ಇದಕ್ಕೆ ಉತ್ತರ ಸಿಗುವವರೆಗೆ ಬದಿಯವರ ಸ್ಯಾಕ್ ಲೆಕ್ಕ ಹಾಕುವುದರಲ್ಲಿ ಹುರುಳಿಲ್ಲ.

ಮಾರ್ಚ್‌ನಲ್ಲಿ ಜೇವಾನ್ ಹಾರ್ಗ್ರೇವ್ ಮತ್ತು ಮಲೀಕ್ ಕಾಲಿನ್ಸ್ ಇಬ್ಬರನ್ನೂ ತಂಡ ಕೈಬಿಟ್ಟಿತು. ಹಾರ್ಗ್ರೇವ್ 2024ರಲ್ಲಿ ಆಡಿದ್ದು ಮೂರೇ ಪಂದ್ಯ, ನಿಜ. ಆದರೆ 2023ರಲ್ಲಿ ಅವನು ಒಳಗಿನಿಂದ 7 ಸ್ಯಾಕ್ ಗಳಿಸಿದ್ದ. ಕಾಲಿನ್ಸ್ ಕಳೆದ ವರ್ಷ 5 ಗಳಿಸಿದ. ಈ ಇಬ್ಬರ ಜಾಗಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವುದು) ಬಂದವರು ಟೆಕ್ಸಸ್‌ನ ಆಲ್ಫ್ರೆಡ್ ಕಾಲಿನ್ಸ್ (43ನೇ ಆಯ್ಕೆ) ಮತ್ತು ಇಂಡಿಯಾನಾದ ಸಿ.ಜೆ. ವೆಸ್ಟ್ (ನಾಲ್ಕನೇ ಸುತ್ತು). ಇಬ್ಬರೂ ಓಟ ತಡೆಯುವುದರಲ್ಲಿ ಹೆಸರು ಮಾಡಿದವರು. ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟುವುದರಲ್ಲಿ ಅಲ್ಲ.

ಈ ಕೊರತೆ ಇಂದಿನದಲ್ಲ. 2019ರ ಸಾಲನ್ನು ನೆನಪಿಸಿಕೊಳ್ಳಿ: ಏರಿಕ್ ಆರ್ಮ್‌ಸ್ಟೆಡ್ 10, ಬೋಸಾ 9, ಡಿಫಾರೆಸ್ಟ್ ಬಕ್ನರ್ 7.5, ಡೀ ಫೋರ್ಡ್ 6.5. ಒಬ್ಬನೂ ಎರಡಂಕಿಯಲ್ಲಿ ಬಹಳ ಮುಂದೆ ಹೋಗಿಲ್ಲ, ಆದರೆ ತಂಡದ ಒಟ್ಟು ಮೊತ್ತ 48. ನಾಲ್ಕೂ ಕಡೆಯಿಂದ ಗೋಡೆ ಕುಸಿಯುತ್ತಿತ್ತು. 2020ರ ಮಾರ್ಚ್‌ನಲ್ಲಿ ಬಕ್ನರ್‌ನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು 13ನೇ ಆಯ್ಕೆಯನ್ನು ಪಡೆದರು, ಅದರಿಂದ ಕೊನೆಗೆ ಜೇವಾನ್ ಕಿನ್ಲಾ ಬಂದ. ಕಿನ್ಲಾನಿಂದ ಆ ಜಾಗ ತುಂಬಲಿಲ್ಲ. 2023ರಲ್ಲಿ ಹಾರ್ಗ್ರೇವ್‌ಗೆ ನಾಲ್ಕು ವರ್ಷಕ್ಕೆ 84 ಮಿಲಿಯನ್ ಡಾಲರ್ ಒಪ್ಪಂದ, 2024ರಲ್ಲಿ ಮಲೀಕ್ ಕಾಲಿನ್ಸ್. ಐದು ವರ್ಷಗಳಿಂದ ತಂಡ ಆ ಒಂದೇ ಜಾಗಕ್ಕೆ ಆಳು ಹುಡುಕುತ್ತಲೇ ಇದೆ.

ನಿಮ್ಮ ಅಭಿಪ್ರಾಯ ಬರೆಯಿರಿ. ಕಾರಣ ಕೊಟ್ಟು ಬರೆಯಿರಿ.

ಕೆಂಪು ಚಿನ್ನ

ನಿಮ್ಮ ಆತಂಕ ಅತಿಯಾಯಿತು ಎನಿಸುತ್ತದೆ. ಎರಡು ದೊಡ್ಡ ಸಂಗತಿಗಳನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮೊದಲನೆಯದು, ರಾಬರ್ಟ್ ಸಾಲೆಹ್ ಹಿಂತಿರುಗಿದ್ದಾರೆ. 2017ರಿಂದ 2020ರವರೆಗೆ ಇಲ್ಲಿ ರಕ್ಷಣೆಯ ಹೊಣೆ ಹೊತ್ತವರು ಅವರೇ. ನೀವು ಹೊಗಳಿದ 2019ರ ಸಾಲು ಅವರ ಕೈಕೆಳಗೆ ಆಡಿದ್ದು. ಅವರ ನಂತರ ಆ ಹೊಣೆ ಹೊತ್ತ ಡಿಮಿಕೊ ರಯನ್ಸ್ ಹೋದ ಮೇಲೆ ಸ್ಟೀವ್ ವಿಲ್ಕ್ಸ್ ಒಂದು ವರ್ಷ, ನಿಕ್ ಸೊರೆನ್ಸನ್ ಒಂದು ವರ್ಷ ಇದ್ದರು, ಎರಡೂ ನೆಲೆ ನಿಲ್ಲಲಿಲ್ಲ. ಈಗ ಮನೆಯ ಯಜಮಾನ ಮನೆಗೆ ಬಂದಿದ್ದಾರೆ.

ಎರಡನೆಯದು, ಹಫ್. 2023ರಲ್ಲಿ ನ್ಯೂಯಾರ್ಕ್ ಜೆಟ್ಸ್ ಪರ ಅವನು 10 ಸ್ಯಾಕ್ ಗಳಿಸಿದಾಗ ಅಲ್ಲಿ ಮುಖ್ಯ ತರಬೇತುದಾರರಾಗಿದ್ದವರು ಇದೇ ಸಾಲೆಹ್. ತಂಡದ ಅರ್ಧದಷ್ಟು ಸ್ನ್ಯಾಪ್‌ಗಳಲ್ಲೂ (ಒಂದೊಂದು ಬಾರಿ ಚೆಂಡು ಆಟಕ್ಕೆ ಬರುವುದು) ಅವನನ್ನು ಆಡಿಸದೆ, ಪಾಸ್ ಖಚಿತವಾದ ಹೊತ್ತಿನಲ್ಲಿ ಮಾತ್ರ ಬಿಟ್ಟು, ಆ ಫಲ ಪಡೆದರು. ಮರುವರ್ಷ ಫಿಲಡೆಲ್ಫಿಯಾ ಅವನಿಗೆ ಮೂರು ವರ್ಷಕ್ಕೆ 51 ಮಿಲಿಯನ್ ಡಾಲರ್ ಕೊಟ್ಟು ತನ್ನದಲ್ಲದ ಕೆಲಸಗಳಿಗೆ ಹಚ್ಚಿತು. 2.5 ಸ್ಯಾಕ್‌ಗೆ ಇಳಿದ, ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಯಿತು, ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಅಂಗಳಕ್ಕೂ ಇಳಿಯಲಿಲ್ಲ. ಅದೇ ಹಫ್ ಅದೇ ಸಾಲೆಹ್ ಬಳಿ ಅದೇ ಕೆಲಸಕ್ಕೆ ಮರಳಿದರೆ ಏಕೆ ಫಲಿಸಬಾರದು?

ಮೈಸೂರು ನಸುಕು

ನಾನು ಈ ಆಟ ನೋಡಲು ಆರಂಭಿಸಿ ಹೆಚ್ಚು ಕಾಲವಾಗಿಲ್ಲ. ಅಣ್ಣನ ಕುಟುಂಬ ಸನ್ನಿವೇಲ್‌ನಲ್ಲಿದೆ, ಅವನಿಂದ ಅಂಟಿದ ಗೀಳು. ಇಲ್ಲಿ ನಮಗೆ ಪಂದ್ಯ ಬರುವುದು ಸೋಮವಾರ ನಸುಕಿನಲ್ಲಿ. ಒಂದು ಸಂದೇಹ: ಸ್ಯಾಕ್ ಯಾರು ಗಳಿಸಿದರೂ ಸ್ಯಾಕೇ ಅಲ್ಲವೇ? ಬದಿಯಿಂದ ಬಂದರೇನು, ನಡುವಿನಿಂದ ಬಂದರೇನು?

ಮೂರನೇ ಡೌನ್

ಒಳ್ಳೆಯ ಪ್ರಶ್ನೆ. ಈ ಎಳೆಯ ತಿರುಳೇ ಅದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಪಾಸ್ ಆಟವನ್ನು ನಿಧಾನಗತಿಯಲ್ಲಿ ನೋಡಿ. ಬೋಸಾ ಟ್ಯಾಕಲ್‌ಗಿಂತ (ಎದುರಾಳಿ ತಡೆಗಾರರ ಸಾಲಿನ ತುದಿಯವನು) ಬಹಳ ಹೊರಗೆ, ಬೆರಳುಗಳನ್ನು ನೆಲಕ್ಕೂರಿ ಕೂತಿದ್ದಾನೆ. ನಮ್ಮ ರಕ್ಷಣಾ ಸಾಲಿನ ತರಬೇತುದಾರ ಕ್ರಿಸ್ ಕೊಸುರೆಕ್ ಬದಿಯವರನ್ನು ನಿಲ್ಲಿಸುವುದೇ ಹಾಗೆ, ‘ವೈಡ್ ನೈನ್’ ಎಂದು ಅದಕ್ಕೆ ಹೆಸರು. ಚೆಂಡು ಹಿಂದಕ್ಕೆ ಬಂದ ಕೂಡಲೇ ಅವನು ಮೂರು ಹೆಜ್ಜೆ ಹೊರಮೈಯಲ್ಲಿ ಓಡುತ್ತಾನೆ. ಟ್ಯಾಕಲ್ ಸೊಂಟ ತಿರುಗಿಸಿ ಹಿಂದೆ ಸರಿಯುತ್ತಾನೆ, ಕೈ ಚಾಚುತ್ತಾನೆ. ಬೋಸಾ ಆ ಮುಂಗೈಯನ್ನು ಮೇಲಿನಿಂದ ಹೊಡೆದು ಕೆಳಗಿಳಿಸಿ, ಭುಜ ಬಾಗಿಸಿ, ಅವನ ಕಂಕುಳ ಕೆಳಗಿನಿಂದ ತೂರಿ ಹೋಗುತ್ತಾನೆ. ಇಷ್ಟಕ್ಕೆ ಎರಡೂವರೆ ಸೆಕೆಂಡ್ ಕಳೆದಿರುತ್ತದೆ. ಈಗ ಅವನು ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದೆ, ಒಂದು ತೋಳಿನಳತೆಯಲ್ಲಿ ಇದ್ದಾನೆ.

ಈ ಕ್ಷಣದಲ್ಲಿ ಕ್ವಾರ್ಟರ್‌ಬ್ಯಾಕ್ ಮಾಡಬೇಕಾದದ್ದು ಒಂದೇ ಒಂದು ಹೆಜ್ಜೆ, ಅದೂ ಮುಂದಕ್ಕೆ. ಎದುರಿಗೆ ಸಾಲಿನ ನಡುವಿನ ತಡೆಗಾರರಾದ ಗಾರ್ಡ್ ಮತ್ತು ಸೆಂಟರ್ ತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಂತಿದ್ದರೆ ಆ ಹೆಜ್ಜೆಗೆ ಜಾಗ ಇರುತ್ತದೆ. ಬೋಸಾ ಹಿಂದಿನಿಂದ ಗಾಳಿ ಹಿಡಿಯುತ್ತಾನೆ, ಇವನು ನೆಮ್ಮದಿಯಾಗಿ ಎಸೆಯುತ್ತಾನೆ. ನಡುವಿನವನು ಗಾರ್ಡ್‌ನನ್ನು ಎರಡು ಗಜ ಹಿಂದಕ್ಕೆ ತಳ್ಳಿ ಬಂದಿದ್ದರೆ ಆ ಹೆಜ್ಜೆ ಇಡಲಾಗುವುದಿಲ್ಲ, ಸ್ಯಾಕ್ ಬೋಸಾನ ಹೆಸರಿಗೆ ಬರುತ್ತದೆ. ಒಂದು ತುದಿಯಲ್ಲಿ ಕುಂಬ್ಳೆ ರನ್ ಕೊಡದೆ ಕಟ್ಟಿಹಾಕಿದಾಗ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತಿದ್ದುದನ್ನು ನೀವು ನೋಡಿರುತ್ತೀರಿ. ಅಂಕಪಟ್ಟಿ ಮಾತ್ರ ನೋಡಿದವರಿಗೆ ಅದರಲ್ಲಿ ಕುಂಬ್ಳೆಯ ಪಾಲು ಕಾಣುವುದಿಲ್ಲ.

ಮೈಸೂರು ನಸುಕು

ಈಗ ತಿಳಿಯಿತು. ಹಾಗಾದರೆ ಬೋಸಾ 2022ರಲ್ಲಿ 18.5 ಗಳಿಸಿ ಕಳೆದ ವರ್ಷ 9ಕ್ಕೆ ಇಳಿದದ್ದಕ್ಕೂ ಇದೇ ಕಾರಣವೇ?

ಅಂಕಿನೋಟ

ಅಷ್ಟು ಸರಳವಾಗಿ ಹೇಳಲಾಗದು. ಮೊದಲನೆಯದಾಗಿ ಆ 9 ಬಂದದ್ದು 14 ಪಂದ್ಯಗಳಲ್ಲಿ. ಎರಡನೆಯದಾಗಿ, ಸ್ಯಾಕ್ ಎಂಬುದೇ ಏರಿಳಿತದ ಸಂಖ್ಯೆ. ಐದಾರು ಬಾರಿ ಒತ್ತಡ ತಂದರೆ ಒಮ್ಮೆ ಸ್ಯಾಕ್ ಆಗುತ್ತದೆ, ಉಳಿದ ಸಲ ಚೆಂಡು ಕೈಬಿಟ್ಟಿರುತ್ತದೆ. ಆದ್ದರಿಂದ ಮುಂದಿನ ಋತುವನ್ನು ಅಂದಾಜು ಮಾಡುವಾಗ ಹಿಂದಿನ ವರ್ಷದ ಸ್ಯಾಕ್‌ಗಿಂತ ಒತ್ತಡದ ಪ್ರಮಾಣವನ್ನೂ, ಎರಡೂವರೆ ಸೆಕೆಂಡಿನೊಳಗೆ ಎದುರಿನವನನ್ನು ಎಷ್ಟು ಸಲ ಸೋಲಿಸಿದ ಎಂಬ ಲೆಕ್ಕವನ್ನೂ ನೋಡಬೇಕು.

ಸ್ಯಾಕ್ ಯಾರ ಎದುರು ಬಂತು ಎನ್ನುವುದೂ ಅಷ್ಟೇ ಮುಖ್ಯ. ಯೆಟುರ್ ಗ್ರಾಸ್-ಮ್ಯಾಟೋಸ್ ಕಳೆದ ವರ್ಷ 4 ಸ್ಯಾಕ್ ಗಳಿಸಿದ ಎಂದು ಅವನನ್ನು ಭರವಸೆಯ ಪಟ್ಟಿಗೆ ಸೇರಿಸುವವರಿದ್ದಾರೆ. ಅದರಲ್ಲಿ 3 ಬಂದದ್ದು ಡಿಸೆಂಬರ್‌ನ ಒಂದೇ ಪಂದ್ಯದಲ್ಲಿ, ಶಿಕಾಗೋ ಎದುರು. ಶಿಕಾಗೋದ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಆ ಋತುವಿನಲ್ಲಿ 68 ಬಾರಿ ನೆಲಕ್ಕುರುಳಿದ ಹುಡುಗ. ಆ ಒಂದು ಮಧ್ಯಾಹ್ನವನ್ನು ಬದಿಗಿಟ್ಟರೆ ಉಳಿಯುವುದು ಒಂದು ಸ್ಯಾಕ್. ಋತು ಆರಂಭಕ್ಕೆ ಮುನ್ನ ಪಾಸ್ ರಶ್ ಅಳೆಯುವವರು ಹೀಗೆ ಒಂದೊಂದು ಸಂಖ್ಯೆಯನ್ನೂ ಬಿಡಿಸಿ ನೋಡಬೇಕು.

ಹಫ್‌ಗೂ ಇದೇ ಮಾತು. 10 ಎಂಬುದು ಅವನ ವೃತ್ತಿಯ ಒಂದೇ ವರ್ಷದ ಸಂಖ್ಯೆ. ಆ ವರ್ಷ ಜೆಟ್ಸ್ ಸಾಲಿನ ನಡುವೆ ಕ್ವಿನೆನ್ ವಿಲಿಯಮ್ಸ್ ಇದ್ದ. ಇಬ್ಬರು ತಡೆಗಾರರನ್ನು ಒಬ್ಬನೇ ಹಿಡಿದಿಡುವಂಥ ಆಟಗಾರ ಅವನು. ನಮ್ಮಲ್ಲಿ ಆ ಕೆಲಸ ಯಾರದು?

ಮೂರನೇ ಡೌನ್

ಕ್ವಿನೆನ್ ಮಾತು ತೆಗೆದದ್ದು ಒಳ್ಳೆಯದಾಯಿತು. ಕೆಂಪು ಚಿನ್ನ ಅವರು ಹಫ್‌ನನ್ನೂ ಸಾಲೆಹ್ ಅವರನ್ನೂ ಜೊತೆಗೆ ಕರೆತಂದರು, ನಡುವಿದ್ದವನನ್ನು ನ್ಯೂಯಾರ್ಕ್‌ನಲ್ಲೇ ಬಿಟ್ಟುಬಂದರು.

ಕೆಂಪು ಚಿನ್ನ

ಆಯಿತು, ಆದರೆ 2022ಕ್ಕೆ ಉತ್ತರ ಹೇಳಿ. ಆಗ ಬಕ್ನರ್ ಇರಲಿಲ್ಲ, ಹಾರ್ಗ್ರೇವ್ ಇನ್ನೂ ಬಂದಿರಲಿಲ್ಲ, ಆರ್ಮ್‌ಸ್ಟೆಡ್ ಗಾಯದಿಂದ ಎಷ್ಟೋ ಪಂದ್ಯ ತಪ್ಪಿಸಿಕೊಂಡ. ಆದರೂ ಬೋಸಾ 18.5 ಗಳಿಸಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. ಮರುವರ್ಷ ಐದು ವರ್ಷಕ್ಕೆ 170 ಮಿಲಿಯನ್ ಡಾಲರ್ ಒಪ್ಪಂದ ಪಡೆದ. ನಡುವಿನಲ್ಲಿ ಬಲಾಢ್ಯನಿಲ್ಲದೆಯೇ ಆದ ಸಾಧನೆಯಲ್ಲವೇ ಅದು?

ಮೂರನೇ ಡೌನ್

ಇಲ್ಲಿಯವರೆಗೆ ಬಂದ ವಾದಗಳಲ್ಲಿ ಇದೇ ಅತ್ಯಂತ ಬಲವಾದದ್ದು, ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು. 2022ರಲ್ಲಿ ಮೊದಲ ಡೌನ್‌ಗೆ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ನಿಲ್ಲುವ ಸಾಲು ಒಂದು, ಮೂರನೇ ಡೌನ್‌ಗೆ ನಿಲ್ಲುವ ಸಾಲು ಇನ್ನೊಂದು ಆಗಿತ್ತು. ಪಾಸ್ ಖಚಿತ ಎಂದಾದಾಗ ಚಾರ್ಲ್ಸ್ ಒಮೆನಿಹು ಬದಿಯಿಂದ ಒಳಕ್ಕೆ ಬರುತ್ತಿದ್ದ. ಅವನ ಮೂಲ ಸ್ಥಾನ ಬದಿಯದು. ಒಳಗೆ ನಿಂತು ಭಾರವಾದ ಗಾರ್ಡ್‌ನ ಎದುರು ತನ್ನ ಚುರುಕನ್ನೂ ಉದ್ದ ತೋಳುಗಳನ್ನೂ ಬಳಸುತ್ತಿದ್ದ. ಅದಕ್ಕೂ ಹಿಂದಿನ ವರ್ಷ, 2021ರಲ್ಲಿ, ಇದೇ ಕೆಲಸ ಮಾಡಿದವನು ಆರ್ಡನ್ ಕೀ. ರೈಡರ್ಸ್ ಬೇಡವೆಂದು ಬಿಟ್ಟಿದ್ದ ಬದಿಯ ಆಟಗಾರ ಅವನು. ಕೊಸುರೆಕ್ ಅವನನ್ನು ಒಳಗೆ ನಿಲ್ಲಿಸಿದರು, 6.5 ಸ್ಯಾಕ್ ಬಂತು. ಆ ವರ್ಷ ಬೋಸಾಗೆ 15.5.

ಹೀಗಾಗಿ ಬೋಸಾನ ಎರಡು ಅತ್ಯುತ್ತಮ ವರ್ಷಗಳಲ್ಲೂ ನಡುವಿನಿಂದ ನುಗ್ಗುವವನೊಬ್ಬ ಇದ್ದ. ಅವನ ಹೆಸರು ದೊಡ್ಡದಿರಲಿಲ್ಲ, ಸಂಬಳವೂ ದೊಡ್ಡದಿರಲಿಲ್ಲ, ಅಷ್ಟೇ. ನನ್ನ ಪ್ರಶ್ನೆಗೆ ಈ ತಂಡದಲ್ಲಿ ಉತ್ತರವಿದ್ದರೆ ಅದು ಇಲ್ಲಿದೆ, ಹೆಸರು ಮೈಕೆಲ್ ವಿಲಿಯಮ್ಸ್.

ಜಾರ್ಜಿಯಾದಿಂದ 11ನೇ ಆಯ್ಕೆಯಾಗಿ ಬಂದ ಈ ಹುಡುಗನಿಗೆ ಇನ್ನೂ 21. ಆರಡಿ ಐದಿಂಚು ಎತ್ತರ, 34 ಇಂಚು ಮೀರಿದ ತೋಳು, 260 ಪೌಂಡ್ ಆಸುಪಾಸಿನ ತೂಕ. ಮೂರು ವರ್ಷದ ಕಾಲೇಜು ಆಟದಲ್ಲಿ 14 ಸ್ಯಾಕ್ ಮಾತ್ರ. ಈ ಸಂಖ್ಯೆ ನೋಡಿ ಮೂಗು ಮುರಿದವರು ಬಹಳ. ಆದರೆ ಕಳೆದ ಋತುವಿನ ಮೊದಲ ಪಂದ್ಯದಲ್ಲೇ ಪಾದದ ಕೀಲಿಗೆ ಪೆಟ್ಟು ಮಾಡಿಕೊಂಡು, ಅದೇ ನೋವಿನಲ್ಲಿ ಉಳಿದದ್ದನ್ನು ಆಡಿದ ಎಂಬುದನ್ನು ಮರೆಯಬಾರದು. ಜಾರ್ಜಿಯಾ ತನ್ನ ಬದಿಯವರಿಂದ ಮೊದಲು ಬಯಸುವುದು ಓಟವನ್ನು ತಡೆಯುವ ಶಿಸ್ತನ್ನು. ಮೊದಲ ಎರಡು ಡೌನ್ ಅವನು ಬದಿಯಲ್ಲಿ ನಿಲ್ಲಲಿ. ಮೂರನೆಯದಕ್ಕೆ ಹಫ್ ಬದಿಗೆ ಬರಲಿ, ವಿಲಿಯಮ್ಸ್ ಗಾರ್ಡ್‌ನ ಎದುರಿಗೆ ಸರಿಯಲಿ. ಕೀ ಮತ್ತು ಒಮೆನಿಹು ಮಾಡಿದ ಕೆಲಸವನ್ನು ಈಗ ಮೊದಲ ಸುತ್ತಿನ ಪ್ರತಿಭೆಯಿಂದ ಮಾಡಿಸುವ ಅವಕಾಶ ಇದು.

ಸನ್ನಿವೇಲ್ ಸಾಲು

ಯೋಜನೆ ಚೆನ್ನಾಗಿದೆ, ಆದರೆ ನಾಲ್ವರಲ್ಲಿ ಮೂವರು ಸಿಕ್ಕರು: ಬೋಸಾ, ಹಫ್, ವಿಲಿಯಮ್ಸ್. ನಾಲ್ಕನೆಯವನು?

ಮೂರನೇ ಡೌನ್

ಕೆವಿನ್ ಗಿವೆನ್ಸ್, ಗಾಯದಿಂದ ಪೂರ್ತಿ ಚೇತರಿಸಿಕೊಂಡು ಬಂದರೆ. 2019ರಿಂದ ಇಲ್ಲಿರುವವನು, ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದರೂ ತಂಡದಲ್ಲಿ ಉಳಿದುಕೊಂಡವನು. ಗಾರ್ಡ್‌ನ ಭುಜದ ಪಕ್ಕದಿಂದ ನುಸುಳುವ ಮೊದಲ ಹೆಜ್ಜೆಯ ವೇಗ ಉಳಿದ ಒಳಗಿನವರಿಗಿಂತ ಅವನಲ್ಲೇ ಹೆಚ್ಚು. ಅವನು ಸಿದ್ಧನಿಲ್ಲದಿದ್ದರೆ ಸ್ಯಾಮ್ ಒಕುಆಯಿನೋನುವನ್ನು ಒಳಗೆ ಪ್ರಯತ್ನಿಸಬಹುದು. ಅದಕ್ಕಿಂತ ಮುಂದೆ ನನಗೆ ಹೆಸರು ಹೊಳೆಯುತ್ತಿಲ್ಲ, ಈ ಎಳೆ ತೆರೆದದ್ದೇ ಅದಕ್ಕೆ.

ಹಳೆಯ ಕ್ಯಾಂಡಲ್‌ಸ್ಟಿಕ್

ಜುಲೈನಲ್ಲೇ ಲೆಕ್ಕ ಮುಗಿಸಬೇಡಿ. ಈ ತಂಡದ ಮೊದಲ ಸೂಪರ್ ಬೌಲ್ ಗೆಲುವಿನ ಕಥೆಯಲ್ಲಿ ಅತಿ ಮುಖ್ಯ ಪಾಸ್ ರಶರ್ ಋತುವಿನ ಆರಂಭದಲ್ಲಿ ತಂಡದಲ್ಲೇ ಇರಲಿಲ್ಲ. 1981ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋದಿಂದ ಫ್ರೆಡ್ ಡೀನ್ ಬಂದ. ಸರಿಯಾಗಿ ಅಭ್ಯಾಸ ಮಾಡುವಷ್ಟೂ ಸಮಯವಿಲ್ಲದೆ ಡಲ್ಲಾಸ್ ಎದುರು ಇಳಿದ. ಆ ಪಂದ್ಯವನ್ನು 45-14ರಿಂದ ಗೆದ್ದೆವು. ವೈಯಕ್ತಿಕ ಸ್ಯಾಕ್‌ಗಳನ್ನು ಲೀಗ್ ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದೇ 1982ರಲ್ಲಿ, ಹಾಗಾಗಿ ಡೀನ್‌ನ ಆ ವರ್ಷದ ಮಹತ್ವ ಅಧಿಕೃತ ಅಂಕಿಪಟ್ಟಿಯಲ್ಲಿ ಸಿಗುವುದಿಲ್ಲ. 2023ರಲ್ಲೂ ಅಕ್ಟೋಬರ್ ಕೊನೆಯ ದಿನ ಚೇಸ್ ಯಂಗ್ ಬಂದದ್ದು ನೆನಪಿರಬಹುದು.

ಮೂರನೇ ಡೌನ್

ಹಿರಿಯರೇ, ಡೀನ್‌ನ ನೆನಪು ತಂದದ್ದಕ್ಕೆ ಕೃತಜ್ಞತೆ. ಆದರೆ ಚೇಸ್ ಯಂಗ್ ನನ್ನ ವಾದಕ್ಕೇ ಸಾಕ್ಷಿ. ಆಗಲೂ ತಂಡ ಕೊಂಡದ್ದು ಇನ್ನೊಬ್ಬ ಬದಿಯವನನ್ನೇ. ಈ ಜೂನ್‌ನಲ್ಲಿ ಹಫ್‌ನನ್ನು ತಂದದ್ದೂ ಹಾಗೆಯೇ.

ಸನ್ನಿವೇಲ್ ಸಾಲು

ಆಲ್ಫ್ರೆಡ್ ಕಾಲಿನ್ಸ್‌ನನ್ನು ಇಷ್ಟು ಬೇಗ ಪಟ್ಟಿಯಿಂದ ತೆಗೆಯಬೇಡಿ. ಪಕ್ಕದ ರ್‍ಯಾಮ್ಸ್ ತಂಡವನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ಏರನ್ ಡಾನಲ್ಡ್ ನಿವೃತ್ತನಾದಾಗ ಅವರ ಪಾಸ್ ರಶ್ ಕಥೆ ಮುಗಿಯಿತು ಎಂದೇ ಎಲ್ಲರೂ ಬರೆದರು. ಅವರು ಡ್ರಾಫ್ಟ್‌ನಲ್ಲಿ ಜೇರೆಡ್ ವರ್ಸ್‌ನನ್ನೂ, 39ನೇ ಆಯ್ಕೆಯಾಗಿ ಬ್ರೇಡನ್ ಫಿಸ್ಕ್‌ನನ್ನೂ ತಂದರು. ಫಿಸ್ಕ್ ಒಳಗಿನಿಂದಲೇ 8.5 ಸ್ಯಾಕ್ ಗಳಿಸಿ ಆ ವರ್ಷದ ಹೊಸಬರಲ್ಲೆಲ್ಲ ಮೊದಲಿಗನಾದ. 39ನೇ ಆಯ್ಕೆಯಿಂದ ಅಷ್ಟು ಬಂದರೆ 43ರಿಂದ ಏಕೆ ಬಾರದು?

ಅಂಕಿನೋಟ

ಆಯ್ಕೆಯ ಸಂಖ್ಯೆ ಹತ್ತಿರವಿದೆ ಎಂದ ಮಾತ್ರಕ್ಕೆ ಆಟ ಒಂದೇ ಆಗುವುದಿಲ್ಲ. ಫಿಸ್ಕ್ ಹಗುರ, ಅವನ ಬಂಡವಾಳವೇ ವೇಗ. ಕಾಲಿನ್ಸ್ 330 ಪೌಂಡ್ ಆಸುಪಾಸಿನ ಬೃಹತ್ ದೇಹ. ಒಂದೇ ಕಡೆ ನೆಲೆಯೂರಿ ಇಬ್ಬರನ್ನು ತಡೆದು, ಉದ್ದ ತೋಳುಗಳಿಂದ ಪಾಸ್ ಬಡಿದು ಬೀಳಿಸಬಲ್ಲ.

ಆದರೆ ಅವನಿಂದ ಪಾಸ್ ರಶ್‌ಗೆ ಸಹಾಯವೇ ಇಲ್ಲ ಎನ್ನುವುದೂ ತಪ್ಪು. ಕಳೆದ ವರ್ಷ 6-11ರಲ್ಲಿ ಮುಗಿಸಿದ ತಂಡ ನಾವು. ಎದುರಾಳಿ ಮೊದಲ ಡೌನ್‌ನಲ್ಲೇ ಐದಾರು ಗಜ ಓಡಿಬಿಟ್ಟರೆ ಮೂರನೇ ಡೌನ್‌ಗೆ ಎರಡು ಗಜ ಉಳಿಯುತ್ತದೆ. ಆಗ ಹಫ್ ಬೆಂಚಿನ ಮೇಲೆ ಕುಳಿತಿರಬೇಕಾಗುತ್ತದೆ. ಎಂಟು ಗಜ ಉಳಿದಾಗ ಮಾತ್ರ ನೀವು ಹೇಳುವ ನಾಲ್ವರ ಸಾಲು ಅಂಗಳಕ್ಕೆ ಬರುತ್ತದೆ. ಕಾಲಿನ್ಸ್, ವೆಸ್ಟ್ ಮತ್ತು ಜೋರ್ಡನ್ ಎಲಿಯಟ್ ಮಾಡಬೇಕಾದದ್ದು ಆ ಎಂಟು ಗಜವನ್ನು ದುಡಿದು ಕೊಡುವ ಕೆಲಸ.

ಮೂರನೇ ಡೌನ್

ಇದನ್ನು ಪೂರ್ತಿ ಒಪ್ಪುತ್ತೇನೆ, ಮತ್ತು ತಂಡದ ಆಡಳಿತ ಯೋಚಿಸಿದ್ದೂ ಇದೇ ಎಂದು ನನ್ನ ನಂಬಿಕೆ. ಮೇ ತಿಂಗಳಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಗೆ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್ ಕೊಟ್ಟ ಮೇಲೆ ದುಬಾರಿ ಹಿರಿಯರ ಜಾಗದಲ್ಲಿ ಹೊಸಬರು ಬರುವುದು ಅನಿವಾರ್ಯ.

ಕೆಂಪು ಚಿನ್ನ

ನಡುವಿನಿಂದ ಯಾರೂ ಸಿಗದಿದ್ದರೆ ಫ್ರೆಡ್ ವಾರ್ನರ್‌ನನ್ನು ಬ್ಲಿಟ್ಜ್ (ಸಾಲಿನ ನಾಲ್ವರ ಜೊತೆ ಹಿಂದಿನವನೂ ನುಗ್ಗುವುದು) ಮಾಡಿಸಬಹುದಲ್ಲ? ಐದನೆಯವನು ಬಂದರೆ ಒತ್ತಡ ತಾನಾಗಿ ಬರುತ್ತದೆ.

ಮೂರನೇ ಡೌನ್

ವಾರ್ನರ್‌ನಂಥ ಲೈನ್‌ಬ್ಯಾಕರ್ ಹಿಂದೆ ನಿಂತು ನಡುವಿನ ಅಂಗಳವನ್ನು ಕಾಯುವುದೇ ನಮ್ಮ ರಕ್ಷಣೆಯ ಬೆನ್ನೆಲುಬು. ಅವನನ್ನು ಮುಂದಕ್ಕೆ ಕಳುಹಿಸಿದರೆ ಅವನು ಬಿಟ್ಟ ಜಾಗಕ್ಕೇ ಚೆಂಡು ಬೀಳುತ್ತದೆ. ಈ ವರ್ಷವಂತೂ ಡ್ರೆ ಗ್ರೀನ್‌ಲಾ ಮತ್ತು ತಲನೋವಾ ಹುಫಾಂಗಾ ಡೆನ್ವರ್‌ಗೆ, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ ಹೋಗಿದ್ದಾರೆ. ಹಿಂದಿನ ಸಾಲಿನಲ್ಲಿ ಹೊಸ ಮುಖಗಳೇ ಹೆಚ್ಚು. ಅವರಿಗೆ ಏಳು ಜನರ ಕಾವಲು ಬೇಕು, ಆರು ಸಾಲದು.

ಫೆಬ್ರವರಿಯ ಸೂಪರ್ ಬೌಲ್ ನೋಡಿದಿರಲ್ಲ. ಫಿಲಡೆಲ್ಫಿಯಾ ಒಂದೇ ಒಂದು ಬ್ಲಿಟ್ಜ್ ಕೂಡ ಮಾಡಲಿಲ್ಲ. ನಾಲ್ವರೇ ಸೇರಿ ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು 6 ಬಾರಿ ಉರುಳಿಸಿದರು. ಅದರಲ್ಲಿ 2 ಸ್ಯಾಕ್ ಒಳಗಿನ ಆಟಗಾರ ಮಿಲ್ಟನ್ ವಿಲಿಯಮ್ಸ್‌ನದು. ಅದೇ ಮಹೋಮ್ಸ್ 2020ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ನಮ್ಮ ಎದುರು ನಾಲ್ಕನೇ ಕ್ವಾರ್ಟರ್‌ನಲ್ಲಿ, ಮೂರನೇ ಡೌನ್‌ಗೆ 15 ಗಜ ಬೇಕಿದ್ದಾಗ, ಹಿಂದಕ್ಕೆ ಹಿಂದಕ್ಕೆ ಸರಿದು ಟೈರೀಕ್ ಹಿಲ್‌ಗೆ 44 ಗಜದ ಪಾಸ್ ಎಸೆದ. ಆಗ ನಾವು 20-10ರಿಂದ ಮುಂದಿದ್ದೆವು. ಆ ಆಟದಲ್ಲಿ ಅವನ ಮುಖದ ಹತ್ತಿರಕ್ಕೆ ಬಂದಿದ್ದವನು ಬಕ್ನರ್, ನಡುವಿನಿಂದ. ಅರ್ಧ ಕ್ಷಣ ತಡವಾಯಿತು. ಅದಾದ ಮುಂದಿನ ತಿಂಗಳೇ ಬಕ್ನರ್‌ನನ್ನು ಬಿಟ್ಟುಕೊಟ್ಟೆವು. ಆ ನೋವು ನನಗೆ ಇಂದಿಗೂ ಆರಿಲ್ಲ.

ಸನ್ನಿವೇಲ್ ಸಾಲು

ಇನ್ನೊಂದು ಮಾತು, ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. ಇಡೀ ಲೆಕ್ಕ ಬೋಸಾ 17 ಪಂದ್ಯ ಆಡುತ್ತಾನೆ ಎಂಬುದರ ಮೇಲೆ ನಿಂತಿದೆ. 2020ರಲ್ಲಿ ಎರಡನೇ ವಾರವೇ ಮೊಣಕಾಲಿನ ಅಸ್ಥಿರಜ್ಜು ಹರಿದು ಇಡೀ ಋತು ಹೊರಗುಳಿದ.

ಅಂಕಿನೋಟ

ಆ ಪರೀಕ್ಷೆಗೆ ಈ ಸಾಲು ಸಿದ್ಧವಿಲ್ಲ. ಬೋಸಾ ಇಲ್ಲದಿದ್ದರೆ ಹಫ್ ಎದುರಾಳಿಯ ಇಬ್ಬರನ್ನು ಎದುರಿಸಬೇಕಾಗುತ್ತದೆ, ವಿಲಿಯಮ್ಸ್ ಮೂರೂ ಡೌನ್ ಬದಿಯಲ್ಲೇ ಉಳಿಯಬೇಕಾಗುತ್ತದೆ. ಆಗ ನಡುವಿನ ಯೋಜನೆಯೂ ಹೋಗುತ್ತದೆ. ಲೀಗಿನ ಪಾಸ್ ರಶ್‌ಗಳನ್ನು ಸಾಲಾಗಿ ಇಡಲು ಹೇಳಿದರೆ ಬೋಸಾ ಇರುವ ನಮ್ಮ ಸಾಲನ್ನು ಮೇಲಿನ ಅರ್ಧದಲ್ಲಿ, ಅವನಿಲ್ಲದ ಸಾಲನ್ನು ತಳದ ಬಳಿ ಇಡುತ್ತೇನೆ. ಒಬ್ಬ ಆಟಗಾರನಿಂದ ಇಷ್ಟು ಅಂತರ ಬೀಳುವ ತಂಡಗಳು ಕಡಿಮೆ.

ಮೈಸೂರು ನಸುಕು

ಮೊದಲ ಪಂದ್ಯ ಸೆಪ್ಟೆಂಬರ್ 7ರಂದು ಸಿಯಾಟಲ್ ಎದುರು. ನಮ್ಮಂಥವರು ಅಂದು ಏನು ಗಮನಿಸಬೇಕು ಎಂದು ಹೇಳಿದರೆ ಉಪಕಾರವಾಗುತ್ತದೆ.

ಮೂರನೇ ಡೌನ್

ಅದಕ್ಕೂ ಮುನ್ನ ಶಿಬಿರದ ವರದಿಗಳಲ್ಲಿ ಒಂದನ್ನು ಹುಡುಕಿ. ಪ್ಯಾಡ್ ತೊಟ್ಟು ಒಬ್ಬರಿಗೊಬ್ಬರು ಸೆಣಸುವ ಅಭ್ಯಾಸದಲ್ಲಿ ವಿಲಿಯಮ್ಸ್ ಗಾರ್ಡ್‌ಗಳ ಎದುರು ನಿಲ್ಲುತ್ತಿದ್ದಾನೆಯೇ ಎಂದು ನೋಡಿ. ಟ್ರೆಂಟ್ ವಿಲಿಯಮ್ಸ್‌ನಂಥ ಟ್ಯಾಕಲ್ ಎದುರು ಅವನು ಸೋತರೆ ಚಿಂತೆ ಬೇಡ, ಆ ಮನುಷ್ಯ ಲೀಗಿನ ಅರ್ಧ ಬದಿಯವರನ್ನು ಸೋಲಿಸಿದ್ದಾನೆ. ಗಾರ್ಡ್‌ಗಳ ಎದುರು ಗೆಲ್ಲುತ್ತಿದ್ದರೆ ಕೊಸುರೆಕ್ ಯೋಜನೆ ಕೆಲಸ ಮಾಡುತ್ತಿದೆ ಎಂದರ್ಥ.

ಸಿಯಾಟಲ್‌ನಲ್ಲಿ ಚೆಂಡು ಸ್ಯಾಮ್ ಡಾರ್ನಲ್ಡ್ ಕೈಯಲ್ಲಿರುತ್ತದೆ. ಕಳೆದ ಜನವರಿಯ ಪ್ಲೇಆಫ್ ಪಂದ್ಯದಲ್ಲಿ ಮಿನೆಸೋಟಾ ಪರ ಆಡುತ್ತಿದ್ದ ಅವನನ್ನು ಇದೇ ರ್‍ಯಾಮ್ಸ್ ಹುಡುಗರು 9 ಬಾರಿ ಉರುಳಿಸಿದರು. ಚೆಂಡನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುವ ಅಭ್ಯಾಸ ಅವನದು, ದೂರದ ಪಾಸ್ ಮೇಲೆ ಆಸೆ ಹೆಚ್ಚು. ಸಿಯಾಟಲ್ ಈ ಬಾರಿ ಮೊದಲ ಸುತ್ತಿನಲ್ಲಿ ಗ್ರೇ ಝೇಬಲ್‌ನನ್ನು ಆರಿಸಿದ್ದೇ ಒಳಗಿನ ಸಾಲು ಸೋರುತ್ತಿದ್ದುದರಿಂದ. ಹೊಸ ಗಾರ್ಡ್‌ನ ಎದುರು ನಮ್ಮ ಹೊಸ ಹುಡುಗರು ನಿಲ್ಲುತ್ತಾರೆ.

ಸ್ಯಾಕ್ ಎಣಿಸಬೇಡಿ. ಮೂರನೇ ಡೌನ್‌ಗೆ ಏಳು ಗಜಕ್ಕಿಂತ ಹೆಚ್ಚು ಬೇಕಿದ್ದಾಗಲೆಲ್ಲ ಡಾರ್ನಲ್ಡ್‌ನ ಪಾದಗಳನ್ನು ನೋಡಿ. ಮುಂದಕ್ಕೆ ಹೆಜ್ಜೆ ಇಟ್ಟು ಎಸೆದನೋ, ಹಿಂದಕ್ಕೆ ಇಲ್ಲವೇ ಪಕ್ಕಕ್ಕೆ ಸರಿದು ಎಸೆದನೋ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಸೋಮವಾರ ಇಲ್ಲಿ ಬಂದು ಬರೆಯಿರಿ, ನನ್ನ ಹಾಳೆಯನ್ನೂ ಹಾಕುತ್ತೇನೆ.

ಅಂಕಿನೋಟ

ಒಂದು ಸೇರ್ಪಡೆ: ಕ್ಲಿಂಟ್ ಕುಬಿಯಾಕ್ 2025ರ ಋತುವಿನಲ್ಲಿ ಸಿಯಾಟಲ್ ಆಕ್ರಮಣದ ಸಂಯೋಜಕ, 2023ರಲ್ಲಿ ನಮ್ಮಲ್ಲೇ ಇದ್ದವರು. ಓಟದ ನಟನೆ ಮಾಡಿ ಡಾರ್ನಲ್ಡ್‌ನನ್ನು ಬೇಕೆಂದೇ ಪಕ್ಕಕ್ಕೆ ಓಡಿಸುವ ಆಟಗಳು ಬರುತ್ತವೆ. ಅವುಗಳನ್ನು ನಿಮ್ಮ ಹಾಳೆಯಲ್ಲಿ ಬೇರೆ ಸಾಲಿಗೆ ಹಾಕಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.